ಮೇಸ್ತ್ರಿ ಏಳನೆಯ ಆವೃತ್ತಿಯವರ ಸನ್ನಿಧಿಗೆ, ನಾನೂರು ಗ್ರಾಂ ವಿಷಯವಾಗಿ

ಮಾನ್ಯರೇ,

ಬೆಳಗಿನ ಜಾವ ಎರಡೂ ಮುಕ್ಕಾಲಿಗೆ ‘ಠಣ್’ ಎಂದು ಸದ್ದಾಯಿತು. ಐದು ತಿಂಗಳ ಮಗಳು ಎದ್ದಳೆಂದುಕೊಂಡು ದಡಬಡಿಸಿ ಎದ್ದು ಕುಳಿತೆ. ಮಗಳು ಬಾಯಿ ಅರೆ ತೆರೆದು ಸೊಗಸಾಗಿ ನಿದ್ರಿಸುತ್ತಿದ್ದಳು. ಕೂಗಿದವರು ತಾವು, ಮಂಚದ ಪಕ್ಕದ ಸ್ಟೂಲಿನ ಮೇಲಿದ್ದ ನನ್ನ ಲ್ಯಾಪ್‌ಟಾಪಿನ ಒಳಗಿನಿಂದ. ಇಂಥ ಹೊತ್ತಿನಲ್ಲಿ, ಬಾಣಸವಾಡಿಯ ಒಂದು ಮಲಗುವ ಕೋಣೆಯನ್ನು ನೆನಪಿಟ್ಟುಕೊಂಡು ತಮ್ಮ ಅಸಮಾಧಾನವನ್ನು ತಿಳಿಸಿದ್ದಕ್ಕಾಗಿ ಮೊದಲು ನನ್ನ ಮತ್ತು ಮನೆಯವರೆಲ್ಲರ ಸಾಷ್ಟಾಂಗ ನಮಸ್ಕಾರಗಳು.

ತಮ್ಮ ದೂರಿನ ಪುಟವನ್ನು ಬಿಟ್ಟು ಹೀಗೆ ಬಹಿರಂಗವಾಗಿ ಬರೆಯುವುದು ಅವಿಧೇಯತೆ ಎಂದು ಭಾವಿಸಬಾರದು. ಆ ಪುಟದಲ್ಲಿ ನಾನು ಕ್ರಮವಾಗಿಯೇ ದೂರು ದಾಖಲಿಸಿದ್ದೆ. ತಮ್ಮ ಕಡೆಯಿಂದ ಯಾರೂ ಉತ್ತರಿಸದೆ ಇದ್ದುದರಿಂದ ‘ಈ ವಿಷಯದಲ್ಲಿ ಯಾರಿಗೂ ಆಸಕ್ತಿ ಇದ್ದಂತಿಲ್ಲ’ ಎಂದು ತಮ್ಮ ಯಂತ್ರವೇ ತೀರ್ಮಾನಿಸಿ, ದೂರನ್ನು ಮುಚ್ಚಿ, ನನಗೆ ಶುಭ ಹಾರೈಸಿತು. ಉತ್ತರ ಕೊಡದಿರುವುದನ್ನೇ ಉತ್ತರವಾಗಿ ಪರಿಗಣಿಸುವ ಈ ದಕ್ಷತೆಯನ್ನು ನಾನು ಬೇರಾವ ಕಚೇರಿಯಲ್ಲೂ ಕಂಡಿಲ್ಲ.

ತಮ್ಮನ್ನು ಅರಿಯದ ಓದುಗರಿಗಾಗಿ ಎರಡು ಮಾತು. ತಮಗೆ ಇಂಗ್ಲಿಷಿನಲ್ಲಿ ಏನೋ ಒಂದು ಗಂಭೀರ ಹೆಸರಿದೆ. ಇಂದಿರಾನಗರದ ನಮ್ಮ ಪುಟ್ಟ ಕಚೇರಿಯಲ್ಲಿ ಮಾತ್ರ ತಮ್ಮನ್ನು ಎಲ್ಲರೂ ‘ಮೇಸ್ತ್ರಿ’ ಎಂದೇ ಕರೆಯುವುದು. ನಾವು ಬರೆದ ನೂರಾರು ತುಣುಕುಗಳಲ್ಲಿ ಯಾವುದನ್ನು ಎಲ್ಲಿ ಸೇರಿಸಬೇಕು, ಯಾವುದನ್ನು ಬಿಡಬೇಕು ಎಂದು ನಾವು ಒಂದು ಕಡತದಲ್ಲಿ ಹೇಳಿಡುತ್ತೇವೆ. ತಾವು ಅದನ್ನು ಓದಿ, ಮುಂದೆ ನಿಂತು ಕಟ್ಟಿಸುತ್ತೀರಿ. ಕಟ್ಟಿ ಮುಗಿದದ್ದಕ್ಕೆ ಬಿಲ್ಡ್ ಎನ್ನುತ್ತೇವೆ. ನಮ್ಮದು ಅಂಗಡಿಗಳ ಎಲೆಕ್ಟ್ರಾನಿಕ್ ತಕ್ಕಡಿಗೆ ತಂತ್ರಾಂಶ ಬರೆಯುವ ಕಂಪನಿ. ತಕ್ಕಡಿಯಲ್ಲಿ ಎರಡು ಮಾದರಿ: ಸಗಟು ವ್ಯಾಪಾರದ ದೊಡ್ಡದು, ಚಿಲ್ಲರೆ ವ್ಯಾಪಾರದ ಚಿಕ್ಕದು. ದೊಡ್ಡದರಲ್ಲಿ ಪ್ರತಿ ಸಲ ತೂಗಿದಾಗಲೂ ಬುಟ್ಟಿಯ ತೂಕವನ್ನು, ಅಂದರೆ ನಾನೂರು ಗ್ರಾಂಗಳನ್ನು, ತಾನಾಗಿಯೇ ಕಳೆಯುವ ಸೌಲಭ್ಯವುಂಟು. ಚಿಕ್ಕದರಲ್ಲಿ ಬುಟ್ಟಿಯೂ ಇಲ್ಲ, ಕಳೆಯುವ ಮಾತೂ ಇಲ್ಲ. ಇಷ್ಟು ತಿಳಿದರೆ ತಮ್ಮ ಮಹಿಮೆ ತಿಳಿಯಲು ಸಾಕು.

ಹೆರಿಗೆ ರಜೆ ಮುಗಿಸಿ ಕಳೆದ ವಾರವಷ್ಟೇ ನಾನು ಮನೆಯಿಂದಲೇ ಕೆಲಸ ಶುರು ಮಾಡಿದೆ. ನನ್ನ ಮಗಳಿಗೆ ಬಾಟಲಿ ಕಂಡರಾಗದು, ಚಮಚ ಕಂಡರೆ ಅದಕ್ಕಿಂತ ಆಗದು. ನಾನಿಲ್ಲದಿದ್ದರೆ ಅವಳ ಹೊಟ್ಟೆಗೆ ಏನೂ ಇಲ್ಲ. ತೂಕ ಏರುವುದು ನಿಧಾನವಾಗಿದೆ, ಗಮನವಿರಲಿ ಎಂದು ಡಾಕ್ಟರು ಹೇಳಿದಂದಿನಿಂದ ನನ್ನ ನಿದ್ದೆ ಹೋಗಿದೆ. ನಮ್ಮ ಮ್ಯಾನೇಜರ್ ಒಳ್ಳೆಯವರು, ಅವರು ಸ್ಪಷ್ಟವಾಗಿಯೇ ಹೇಳಿದ್ದಾರೆ: “ಸೋಮವಾರ ಬೆಳಿಗ್ಗೆ ಬಿಲ್ಡ್ ಬರ್ಲಿ ಯಮುನಾ, ಆಮೇಲೆ ನೀವು ಮನೆಯಿಂದಾನೇ ಮಾಡ್ಕೊಳ್ಳಿ, ನಾನು ಕೇಳಲ್ಲ. ಬರ್ಲಿಲ್ಲ ಅಂದ್ರೆ ದಿನಾ ಆಫೀಸಿಗೇ ಬಂದ್ಬಿಡಿ, ಅಷ್ಟೇ.” ಆ ಸೋಮವಾರ ಇವತ್ತು, ಮಾನ್ಯರೇ. ಇನ್ನೇನು ಬೆಳಗಾಗುತ್ತದೆ.

ಹಾಗೆಂದು ತಮ್ಮ ಹಿಂದಿನ ಉಪಕಾರಗಳನ್ನು ಮರೆತವಳಲ್ಲ ನಾನು. ಮೂರನೆಯ ಆವೃತ್ತಿಯಲ್ಲಿ ತಾವು ಎಂಥ ಸಂಕೋಚದ ಸ್ವಭಾವದವರಾಗಿದ್ದಿರಿ. ಹೇಳಿದ್ದನ್ನು ಮಾಡುತ್ತಿದ್ದಿರಿ, ಹೇಳದ್ದರ ತಂಟೆಗೆ ಹೋಗುತ್ತಿರಲಿಲ್ಲ. ಈ ದೌರ್ಬಲ್ಯ ತಮಗೇ ನಾಚಿಕೆ ತರಿಸಿರಬೇಕು. ನಾಲ್ಕನೆಯದರಲ್ಲಿ ‘ಈ ಪದ್ಧತಿ ಮುಂದೆ ಇರುವುದಿಲ್ಲ’ ಎಂದು ಪ್ರತಿ ಸಾಲಿಗೂ ಎಚ್ಚರಿಕೆ ಕೊಡತೊಡಗಿದಿರಿ. ನನ್ನ ಸಹೋದ್ಯೋಗಿ ಅರ್ಸಲಾನ್ ಅದನ್ನು ಓದಿ, “ಮುಂದೆ ಅಂದ್ರೆ ಯಾವಾಗ್ಲೋ ಬಿಡಿ ಮೇಡಂ, ಆಗ ನಾವೆಲ್ಲಿರ್ತೀವೋ” ಎಂದ. ಎಲ್ಲಿಯೂ ಹೋಗಲಿಲ್ಲ, ಇಲ್ಲೇ ಇದ್ದೇವೆ. ಎಚ್ಚರಿಕೆಗಳು ವಿಪರೀತವಾದವೆಂದು ಜಗತ್ತಿನ ಬಳಕೆದಾರರೆಲ್ಲ ಗೊಣಗಿದಾಗ ತಾವು ಐದನೆಯ ಆವೃತ್ತಿಯಲ್ಲಿ ತೆಗೆದುಕೊಂಡ ಕ್ರಮವಂತೂ ಆಡಳಿತಗಾರರೆಲ್ಲ ಕಲಿಯತಕ್ಕದ್ದು: ಕಾರಣಗಳನ್ನು ಹಾಗೆಯೇ ಉಳಿಸಿಕೊಂಡು ಎಚ್ಚರಿಕೆಗಳನ್ನು ಮಾತ್ರ ಕಾಣದಂತೆ ಮಾಡಿದಿರಿ. ಎಲ್ಲೆಲ್ಲೂ ಶಾಂತಿ ನೆಲೆಸಿತು. ಆ ಶಾಂತಿಯಲ್ಲಿ ನಾನು ಹೆರಲು ಹೋದೆ.

ನಾನು ಹಿಂದಿರುಗುವಷ್ಟರಲ್ಲಿ ಆರನೆಯ ಆವೃತ್ತಿ ಬಂದಿತ್ತು. ಬಳಕೆದಾರ ಯಾವ ಸೌಲಭ್ಯದ ಬಗ್ಗೆ ಏನೂ ಹೇಳಿಲ್ಲವೋ ಅದು ಅವನಿಗೆ ಬೇಕೇ ಬೇಕು, ಸಂಕೋಚದಿಂದ ಕೇಳಿಲ್ಲ ಅಷ್ಟೇ, ಎಂಬ ಮಾತೃಹೃದಯದ ತತ್ವವನ್ನು ತಾವು ಅದರಲ್ಲಿ ಅಳವಡಿಸಿಕೊಂಡಿದ್ದಿರಿ. ನಾನು ಮೊದಲ ದಿನವೇ ಉತ್ಸಾಹದಿಂದ ಆರನೆಯದನ್ನು ಹಾಕಿಕೊಂಡು, ಚಿಕ್ಕ ಮಾದರಿಗೆ ಬಿಲ್ಡ್ ಮಾಡಿ, ಪರೀಕ್ಷೆಗಾಗಿ ಮನೆಗೆ ತಂದಿಟ್ಟುಕೊಂಡಿದ್ದ ಕಚೇರಿಯ ತಕ್ಕಡಿಗೆ ತುಂಬಿಸಿದೆ. ಮರುದಿನ ಬೆಳಿಗ್ಗೆ ಎದ್ದವಳೇ ಎಂದಿನಂತೆ ಅದೇ ತಕ್ಕಡಿಯ ಮೇಲೆ ಮೆತ್ತನೆಯ ಬಟ್ಟೆ ಹಾಸಿ, ಅದನ್ನು ಸೊನ್ನೆಗೆ ತಂದು, ಮಗಳನ್ನು ಮಲಗಿಸಿದೆ.

ಹಿಂದಿನ ದಿನ ಐದು ಕಿಲೋ ಆರುನೂರು ಗ್ರಾಂ ಇದ್ದವಳು ಐದು ಕಿಲೋ ಇನ್ನೂರಕ್ಕೆ ಇಳಿದಿದ್ದಳು.

ಒಂದು ರಾತ್ರಿಯಲ್ಲಿ ನಾನೂರು ಗ್ರಾಂ ಕರಗಿದ ಮಗುವನ್ನು ಕೈಯಲ್ಲಿ ಹಿಡಿದ ತಾಯಿಯ ಸ್ಥಿತಿ ಏನೆಂಬುದು ತಮ್ಮ ಬಿಡುಗಡೆಯ ಟಿಪ್ಪಣಿಯಲ್ಲಿ ಇರಲಿಲ್ಲ. ‘ಬಳಕೆಯ ಅನುಭವದಲ್ಲಿ ಸುಧಾರಣೆ’ ಎಂದಷ್ಟೇ ಇತ್ತು. ನನ್ನ ಅತ್ತೆ ಗಂಗಲಕ್ಷ್ಮಮ್ಮನವರು ಪರದೆಯ ಅಂಕಿಯನ್ನೂ ನನ್ನ ಮುಖವನ್ನೂ ನೋಡಿ, “ಊರೋರ್ಗೆಲ್ಲ ಪೋಟೋ ಕಳಿಸ್ಬೇಡ ಅಂತ ಬಡ್ಕೊಂಡೆ, ಕೇಳ್ದ್ಯಾ? ದೃಷ್ಟಿ ಬಿದ್ದೈತೆ” ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಘಾಟು ಬರಲಿಲ್ಲವೆಂದು ಅವರು ಇನ್ನಷ್ಟು ಗಾಬರಿಯಾದರು. ನಾನು ರಾತ್ರಿಯ ಉಡುಪಿನ ಮೇಲೇ ದುಪಟ್ಟಾ ಹೊದ್ದು, ಆಟೋ ಹತ್ತಿ, ಕುಕ್ ಟೌನಿನ ಡಾಕ್ಟರ ಮನೆಯ ಬಾಗಿಲು ಬಡಿದೆ. ಅವರ ತಕ್ಕಡಿಯಲ್ಲಿ ಮಗು ಐದು ಕಿಲೋ ಆರುನೂರೇ ಇತ್ತು. “ಮನೇಲಿರೋ ಸ್ಕೇಲ್ ಯಾವ್ದಮ್ಮ? ಮೊದ್ಲು ಎಸೀರಿ ಅದನ್ನ” ಎಂದರು ಡಾಕ್ಟರು. ಅದು ನನ್ನದೇ ಕೈಕೆಲಸ. ಎಸೆಯುತ್ತೇನೆಂದು ತಲೆಯಾಡಿಸಿದೆ.

ಮನೆಗೆ ಬಂದು ನೋಡಿದರೆ ಅತ್ತೆ ಇರಲಿಲ್ಲ. ತಕ್ಕಡಿಯನ್ನು ಪರೀಕ್ಷಿಸೋಣವೆಂದು ಅವರು ಒಂದು ಕಿಲೋ ಸಕ್ಕರೆ ಪೊಟ್ಟಣವನ್ನು ಅದರ ಮೇಲಿಟ್ಟು, ಆರುನೂರು ಗ್ರಾಂ ಎಂದು ಕಂಡು, ತಕ್ಕಡಿಯ ಮೇಲೆ ಎಳ್ಳಷ್ಟೂ ಸಂಶಯಪಡದೆ ಪೊಟ್ಟಣವನ್ನು ಎತ್ತಿಕೊಂಡು ಅಂಗಡಿಯ ಮುನಿಆಂಜನಪ್ಪನ ಮೇಲೆ ಜಗಳಕ್ಕೆ ಹೋಗಿದ್ದರು. ನಾನು ಮಗುವನ್ನು ಎತ್ತಿಕೊಂಡು ಹಿಂದೆಯೇ ಓಡಿದೆ. “ಕಿಲೋಗೆ ನಾನೂರು ಗ್ರಾಂ ನುಂಗ್ತೀಯಲ್ಲಪ್ಪ, ದಕ್ಕುತ್ತಾ ನಿಂಗೆ?” ಎಂದು ಅತ್ತೆ. “ಯಕ್ಕೋ, ಪ್ಯಾಕೆಟ್ ಕಂಪ್ನೀದು, ನಾನೇನ್ ಅದ್ರೊಳೀಕೆ ಕೈ ಹಾಕಿದ್ನಾ?” ಎಂದು ಅವನು. ಬೀದಿಯ ಹೆಂಗಸರೆಲ್ಲ ಸೇರಿದ ಮೇಲೆ ಅವನು ಪೊಟ್ಟಣವನ್ನು ತನ್ನ ತಕ್ಕಡಿಗೆ ಹಾಕಿದ. ಒಂದು ಕಿಲೋ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. “ಈಗ ಹೇಳಕ್ಕ, ನಿಮ್ ಮನೇಲಿರೋದು ಯಾವನ್ ಮಾಡಿದ್ ತಕ್ಕಡಿ?” ಎಂದು ಕೇಳಿದ. ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿ, “ನಮ್ ಸೊಸೇದು” ಎಂದರು.

ಅಂದಿನಿಂದ ನಾನು ಆ ಅಂಗಡಿಯ ಮುಂದೆ ತಲೆ ತಗ್ಗಿಸಿಯೇ ನಡೆಯುತ್ತಿದ್ದೇನೆ. ವಿನಯವನ್ನು ಕಲಿಸಿದ್ದಕ್ಕೆ ಧನ್ಯವಾದಗಳು. ನಾನೂರು ಎಂಬ ಅಂಕಿ ಎಲ್ಲಿಯದೆಂದು ಹೊಳೆದ ತಕ್ಷಣ ಅರ್ಸಲಾನ್‌ನಿಗೆ ಹೇಳಿದೆ. ಅವನು ನಮ್ಮ ಕಡತದಲ್ಲಿ ‘ಬುಟ್ಟಿ ಕಳೆಯುವುದು: ಬೇಡ’ ಎಂದು ಒಂದು ಸಾಲು ಸೇರಿಸಿದ. ತಕ್ಕಡಿ ಸರಿಹೋಯಿತು, ಮಗಳ ತೂಕವೂ ಮರಳಿತು. ನಾನು ಅವತ್ತು ಸತತ ಮೂರು ಗಂಟೆ ಮಲಗಿದೆ.

ಅದು ತಮ್ಮ ಗಮನಕ್ಕೆ ಬಂದಿರಬೇಕು. ಸೋಮವಾರ ಕೊಡಬೇಕಾದ ಬಿಲ್ಡ್ ಕಟ್ಟುವ ಮೊದಲೇ, ಶನಿವಾರ ಕಚೇರಿಯ ಕಂಪ್ಯೂಟರುಗಳೆಲ್ಲ, ನನ್ನ ಲ್ಯಾಪ್‌ಟಾಪೂ ಸೇರಿ, ತಾವಾಗಿಯೇ ಏಳನೆಯ ಆವೃತ್ತಿಗೆ ಬಡ್ತಿ ಪಡೆದವು. ಏಳನೆಯದರಲ್ಲಿ ‘ಬೇಡ’ ಎಂದು ಬರೆದರೆ ತಮಗೆ ಅದು ಅರ್ಥವಾಗುವುದಿಲ್ಲವಂತೆ. ನಿರಾಕರಣೆಗಳಿಗೆ ಹೊಸ ವ್ಯವಸ್ಥೆ ಮಾಡಿದ್ದೀರಂತೆ. ವಿವರಗಳ ಪುಟ ಸಿದ್ಧವಾಗುತ್ತಿದೆಯಂತೆ. ಆ ಸಾಲಿದ್ದರೆ ತಾವು ಠಣ್ ಎಂದು ಕೆಲಸ ನಿಲ್ಲಿಸುತ್ತೀರಿ. “ಹಳೇ ವರ್ಷನ್ ಹಾಕ್ಕೊಂಡು ಮಲ್ಕೋ” ಎಂದು ನನ್ನ ಗಂಡ ವಸಂತ್ ಸಲಹೆ ಕೊಟ್ಟು ತಾವೇ ಮಲಗಿದರು. ಹಳೆಯದನ್ನು ನಮ್ಮ ಹಿತದೃಷ್ಟಿಯಿಂದ ತಾವು ತಮ್ಮ ತಾಣದಿಂದಲೇ ತೆಗೆದುಹಾಕಿದ್ದೀರಿ ಎಂದು ಅವರಿಗೆ ತಿಳಿಯದು.

ಆದ್ದರಿಂದ ಈ ಕೆಳಗಿನ ಕೆಲವು ಕ್ಷುಲ್ಲಕ ಬೇಡಿಕೆಗಳನ್ನು ಪರಿಶೀಲಿಸಬೇಕಾಗಿ ಪ್ರಾರ್ಥನೆ. ತಮ್ಮ ಎಂಟನೆಯ ಆವೃತ್ತಿಯನ್ನು ನನ್ನ ಮಗಳು ಏಳನೆಯ ತರಗತಿ ಮುಗಿಸುವವರೆಗೆ ತಡೆಹಿಡಿಯಬೇಕು. ಅದು ಆಗದಿದ್ದರೆ ಏಳನೆಯದನ್ನು ರಚಿಸಿದ ಮಹನೀಯರಲ್ಲಿ ಒಬ್ಬರನ್ನು ನಮ್ಮ ಮನೆಗೆ ನಿಯೋಜಿಸಬೇಕು. ಊಟ, ಹಾಸಿಗೆ ನಮ್ಮದು. ನಾನು ಕಡತ ತಿದ್ದುವಾಗ ಅವರು ಮಗುವನ್ನು ಭುಜದ ಮೇಲೆ ಹಾಕಿಕೊಂಡು ತೇಗು ಬರುವವರೆಗೆ ಹಾಲ್‌ನಲ್ಲಿ ತಿರುಗಾಡಿದರೆ ಸಾಕು. ಅದೂ ಕಷ್ಟವೆಂದರೆ, ಹೇಳದೆ ಇದ್ದದ್ದನ್ನೆಲ್ಲ ಬೇಕು ಎಂದೇ ತಿಳಿಯುವ ತಮ್ಮ ತತ್ವವನ್ನು ನನ್ನ ನಿದ್ದೆಗೂ ಅನ್ವಯಿಸಬೇಕು. ಅದರ ಬಗ್ಗೆ ನಾನು ಯಾವ ಕಡತದಲ್ಲೂ ಏನೂ ಹೇಳಿಲ್ಲ.

ಇನ್ನೂ ಎಷ್ಟು ಆವೃತ್ತಿಗಳವರೆಗೆ ಎಂದು ಹೇಳಲಾರದಿದ್ದರೂ, ಸದ್ಯಕ್ಕೆ
ತಮ್ಮ ವಿಶ್ವಾಸಿ,
ಯಮುನಾ ವಸಂತ್
ಬಾಣಸವಾಡಿ

ವಿ.ಸೂ.: ಈ ಪತ್ರವನ್ನು ತಮ್ಮ ಬಳಕೆದಾರರ ಚರ್ಚೆಯ ಪುಟದಲ್ಲಿ ಹಾಕಲು ಹೋದಾಗ ನಾನು ಯಂತ್ರವಲ್ಲ, ಮನುಷ್ಯಳು ಎಂದು ಮೊದಲು ಸಾಬೀತುಪಡಿಸಲು ಕೇಳಿದಿರಿ. ಅಷ್ಟರಲ್ಲಿ ಮಗಳು ಎದ್ದು ಅತ್ತಳು. ಅಳುವನ್ನು ಪುರಾವೆಯಾಗಿ ಸ್ವೀಕರಿಸುವ ವ್ಯವಸ್ಥೆ ತಮ್ಮಲ್ಲಿಲ್ಲವಾದ್ದರಿಂದ ತಾವು ತೋರಿಸಿದ ಚಿತ್ರದಲ್ಲಿ ಬಸ್ಸಿರುವ ಚೌಕಗಳನ್ನೆಲ್ಲ ಒತ್ತಿ ಮನುಷ್ಯಳಾದೆ. ಈಗ ಅವಳು ಹಾಲು ಕುಡಿದು ತೊಡೆಯ ಮೇಲೆ ಮಲಗಿದ್ದಾಳೆ, ಆದ್ದರಿಂದ ಒಂದು ನಿಜ ಹೇಳಿಬಿಡುತ್ತೇನೆ. ‘ಬೇಡ’ ಎಂಬ ಆ ಸಾಲನ್ನು ಅಳಿಸಿ ನೋಡಿದೆ. ಬಿಲ್ಡ್ ಮುಗಿಯಿತು, ಪರದೆಯ ಮೇಲೆ ಎಲ್ಲವೂ ಹಸಿರು, ತಪ್ಪೇನೂ ಇಲ್ಲವೆಂಬಂತೆ; ತಕ್ಕಡಿ ಮಾತ್ರ ಮತ್ತೆ ಅದೇ ನಾನೂರು ಗ್ರಾಂ ಕಳೆಯುತ್ತಿದೆ. ಬೆಳಿಗ್ಗೆ ಅದನ್ನೇ ಕೊಟ್ಟರೆ ಮ್ಯಾನೇಜರ್ ಭೇಷ್ ಎನ್ನುತ್ತಾರೆ, ನಾನು ಮಗಳ ಪಕ್ಕದಲ್ಲೇ ಉಳಿಯುತ್ತೇನೆ. ಶಿವಾಜಿನಗರದಲ್ಲಿ ಹಣ್ಣು ಮಾರುವ ಹೆಂಗಸರು ಮಾತ್ರ ಕಿಲೋಗೆ ಒಂದು ಕಿಲೋ ನಾನೂರು ಗ್ರಾಂ ತೂಗಿ ಕೊಡುತ್ತಾ ಹೋಗುತ್ತಾರೆ, ಸಂಜೆಗೆ ಯಾಕೆ ಏನೂ ಉಳಿಯಲಿಲ್ಲವೆಂದು ಅವರಿಗೆ ತಿಳಿಯುವುದಿಲ್ಲ. ಹಾಗಿದ್ದೂ ಅದನ್ನು ಕೊಟ್ಟುಬಿಡುವಂಥವಳು ನಾನಲ್ಲ ಎಂದು ಈ ಹೊತ್ತಿನಲ್ಲಿ ಆಣೆ ಮಾಡಿ ಹೇಳುವ ಧೈರ್ಯ ನನಗಿಲ್ಲ. ನನ್ನ ನಂಬರು ಮುಚ್ಚಿಹೋದ ದೂರಿನಲ್ಲಿ ಇದೆ. ‘ಬೇಡ’ ಎನ್ನುವುದನ್ನು ಈಗ ಹೇಗೆ ಬರೆಯಬೇಕೆಂದು ತಿಳಿದವರು ಒಬ್ಬರಾದರೂ ಇದ್ದರೆ, ಬೆಳಗಾಗುವುದರೊಳಗೆ ದಯವಿಟ್ಟು ಫೋನ್ ಮಾಡಿ. ಮಗಳು ಹುಟ್ಟಿದಾಗಿನಿಂದ ಸೈಲೆಂಟಿನಲ್ಲಿದ್ದ ಫೋನನ್ನು ಜೋರು ಸದ್ದಿಗೆ ಇಟ್ಟಿದ್ದೇನೆ. ಅವಳು ಎದ್ದರೂ ಚಿಂತೆಯಿಲ್ಲ, ಮಾಡಿ.