ರತ್ನಮ್ಮನ ಮನೆ ಸೇರಿದ ಡಬ್ಬಿ

ನನ್ನ ಡಬ್ಬಿಯನ್ನು ರತ್ನಮ್ಮ ಲಪಟಾಯಿಸಲಿಲ್ಲ. ನಾನೇ ಕೈಯಾರೆ ತುಂಬಿ ಕಳುಹಿಸಿದೆ. ಬೀದಿಯವರು ಏನು ಬೇಕಾದರೂ ಹೇಳಲಿ, ನಡೆದದ್ದು ಇಷ್ಟೇ.

ನಮ್ಮ ಮೇಲೂರಿನಲ್ಲಿ ಪಕ್ಕದ ಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸುವಂತಿಲ್ಲ. ನಮ್ಮ ಪಾತ್ರೆ ಕೊಡಿ ಎಂದು ಬಾಯಿಬಿಟ್ಟು ಕೇಳುವಂತೆಯೂ ಇಲ್ಲ. ಕೇಳಿದರೆ ಜಗಳಕ್ಕೆ ಬಂದ ಹಾಗೆ. ಹೀಗಾಗಿ ಗೋಡೆಯಾಚೆಯ ರತ್ನಮ್ಮನಿಗೂ ನನಗೂ ನಡುವೆ ಹುಳಿ, ಪಲ್ಯ, ಉಪ್ಪಿನಕಾಯಿ ಓಡಾಡಿ ಓಡಾಡಿ, ಅವಳ ಹೆಸರು ಕೆತ್ತಿದ ಬಟ್ಟಲುಗಳೆಲ್ಲ ನನ್ನ ಗೂಡಿನಲ್ಲಿ, ನನ್ನ ಹೆಸರಿನವು ಅವಳ ಗೂಡಿನಲ್ಲಿ. ನನ್ನದೆಂದು ಉಳಿದಿದ್ದು ತೊಂಡೇಬಾವಿಯ ತಂಗಿ ಕೊಟ್ಟ ಸ್ಟೀಲ್ ಡಬ್ಬಿ ಒಂದೇ. ಅಷ್ಟರಲ್ಲಿ ಅದೇ ತಂಗಿ ನಾಳೆ ಬರುತ್ತೇನೆಂದು ಫೋನು ಮಾಡಿದಳು. ಊಟಕ್ಕೆ ಕುಳಿತರೆ ಅನ್ನ ನೋಡುವುದಕ್ಕಿಂತ ಮೊದಲು ಪಾತ್ರೆಯ ಮೇಲಿನ ಹೆಸರು ಓದುವ ಹೆಂಗಸು ಅವಳು.

ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಪಿಯುಸಿ ಓದುವ ಮೊಮ್ಮಗಳು ಕಾವ್ಯ ಕೆಮಿಸ್ಟ್ರಿ ಉರು ಹೊಡೆಯುತ್ತಿದ್ದಳು. ಮುಚ್ಚಿದ ಪಾತ್ರೆಯೊಳಗೆ ಇದು ಅದಾಗುತ್ತ, ಅದು ಮತ್ತೆ ಇದಾಗುತ್ತ, ಎರಡೂ ಕಡೆಗೆ ಒಂದೇ ವೇಗದಲ್ಲಿ ಓಡಾಟವಂತೆ. ನೋಡುವವರಿಗೆ ಮಾತ್ರ ಏನೂ ನಡೆಯದ ಹಾಗೆ ಕಾಣುತ್ತದಂತೆ. ಅದಕ್ಕೆ ಸಮತೋಲನ ಎಂದು ಹೆಸರು. ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟವಳಾದರೂ ಇದು ರತ್ನಮ್ಮನ ವಿಷಯವೆಂದು ತಕ್ಷಣ ತಿಳಿಯಿತು. ಅದನ್ನು ನಮ್ಮ ಕಡೆಗೆ ತಿರುಗಿಸುವುದು ಹೇಗೆ ಎಂದು ಕೇಳಿದೆ.

“ಆ ಕಡೆ ಎಷ್ಟಿದೆ, ಈ ಕಡೆ ಎಷ್ಟಿದೆ ಅಂತ ಭಾಗಿಸಿ ನೋಡ್ಬೇಕಜ್ಜಿ. ಇರಬೇಕಾದ್ದಕ್ಕಿಂತ ಆ ಕಡೆ ಜಾಸ್ತಿ ಆದ್ರೆ ತಾನಾಗೇ ವಾಪಸ್ ತಿರುಗತ್ತೆ.”

ಭಾಗಾಕಾರಕ್ಕೆ ನಾನು ಹೋಗಲಿಲ್ಲ. ಉಳಿದಿದ್ದ ಒಂದು ಡಬ್ಬಿಗೂ ಹಿತಕಿದ ಬೇಳೆ ಸಾರು ತುಂಬಿ ಆ ಕಡೆ ತಳ್ಳಿದೆ. ಶಾಸ್ತ್ರ ಸುಳ್ಳಾಗಲಿಲ್ಲ. ಗೂಡಿನಲ್ಲಿ ಜಾಗ ಸಾಲದೆ ರತ್ನಮ್ಮ ಸಂಜೆಗೆಲ್ಲ ನನ್ನ ಬಟ್ಟಲುಗಳನ್ನು ಹೊತ್ತು ತಂದಳು, ಒಂದೊಂದರಲ್ಲೂ ಹಾಗಲಕಾಯಿ ಗೊಜ್ಜು. ಡಬ್ಬಿ ಮಾತ್ರ ಇಲ್ಲ. “ಮುಚ್ಚಳ ಏನ್ ಬಿಗಿ ಇದೆಯಕ್ಕ ಅದ್ರದ್ದು. ಕಾಫಿಪುಡಿ ಹಾಕಿಟ್ಟಿದ್ದೀನಿ” ಎಂದಳು.

ಕಾವ್ಯಳನ್ನು ಹಿಡಿದು ಕೇಳಿದೆ. “ಪೂರ್ತಿ ವಾಪಸ್ ಬರಲ್ಲಜ್ಜಿ, ಸ್ವಲ್ಪ ಆ ಕಡೆ ಉಳ್ಕೊಂಡೇ ಉಳ್ಕೊಳತ್ತೆ” ಎಂದಳು. ಮೊದಲೇ ಬೊಗಳುವುದಕ್ಕೇನಾಗಿತ್ತು ಎಂದರೆ, “ಅದು ಮುಂದಿನ ಪುಟದಲ್ಲಿದೆ.”

ತಂಗಿ ಬಂದಳು, ಹೊಸದೊಂದು ಡಬ್ಬಿಯ ತುಂಬ ಕಜ್ಜಾಯ ತಂದಳು. ಗೊಜ್ಜು ಉಣ್ಣುತ್ತ ಬಟ್ಟಲುಗಳ ಹೆಸರನ್ನೆಲ್ಲ ಓದಿ ಮುಗಿಸಿ, “ಅಕ್ಕ, ನಾನ್ ಕೊಟ್ಟಿದ್ ಡಬ್ಬಿ ಎಲ್ಲಿಟ್ಟಿದ್ದೀಯ?” ಎಂದಳು. ಅಟ್ಟದ ಮೇಲಿದೆ, ನಾಳೆ ಇಳಿಸುತ್ತೇನೆ ಎಂದೆ.

ಮರುದಿನ ಬೆಳಿಗ್ಗೆ, ಅವಳು ಏಳುವುದಕ್ಕೆ ಮೊದಲೇ, ಹಳೆಯದನ್ನು ಈಚೆ ನೂಕಲಿ ಎಂದು ಹೊಸ ಡಬ್ಬಿಯನ್ನೂ ಕಜ್ಜಾಯದ ಸಮೇತ ರತ್ನಮ್ಮನ ಮನೆಗೆ ಕೊಟ್ಟು ಬಂದೆ.