ಬಚ್ಚಲಲ್ಲಿ ಪಾರಿವಾಳ

ಗಂಡ ಹೆಂಡತಿ ಇಬ್ಬರೂ ಒಂದೇ ಕ್ಯಾಮೆರಾದ ಮೇಲೆ ಕಣ್ಣಿಟ್ಟರೆ ಏನಾಗುತ್ತದೆಂದು ತಿಳಿಯಬೇಕಾದವರು ಕೈರೋದ ಶುಬ್ರಾ ಬಡಾವಣೆಯ ನಮ್ಮ ಮನೆಗೆ ಬರಬಹುದು. (ಬಾಗಿಲು ತಟ್ಟಿ ಬನ್ನಿ. ದಯವಿಟ್ಟು ಮೆಲ್ಲಗೆ ತಟ್ಟಿ.)

ಈ ಪಿಡುಗನ್ನು ಮನೆಗೆ ತಂದವನು ನಾನೇ. ಅಂಚೆ ಕಚೇರಿಯಲ್ಲಿ ದಿನವಿಡೀ ಮುದ್ರೆ ಒತ್ತುವ ಬಹ್ಗತ್ ಎಂಬ ಈ ಬಡಪಾಯಿಗೆ, ಬೇರೆ ಏನನ್ನಾದರೂ ಒತ್ತಬೇಕೆಂಬ ಆಸೆ ಹುಟ್ಟಿತು. ಇಬ್ಬರಿಗೂ ಒಂದೇ ಹವ್ಯಾಸವಿದ್ದರೆ ಜಗಳ ಕಡಿಮೆಯಾಗುತ್ತದೆಂದು ಹೆಂಡತಿ ಇಂತಿಸಾರಳನ್ನು ಒಪ್ಪಿಸಿ ಹಳೆಯದೊಂದು ಕ್ಯಾಮೆರಾ ಕೊಂಡೆ. ಜಗಳವೇನೂ ಕಡಿಮೆಯಾಗಲಿಲ್ಲ, ಅದಕ್ಕೊಂದು ವಿಷಯ ಸಿಕ್ಕಿತು ಅಷ್ಟೆ.

ಮೂರು ತಿಂಗಳು ಮಹಡಿಯ ಮೇಲೆ ನಿಂತು ಕೈರೋದ ಸಂಜೆಗಳನ್ನು ಹಿಡಿದೆವು. ಒಂದೇ ರೋಲು, ಮೂವತ್ತಾರು ಚಿತ್ರ. ಬಡಾವಣೆಯ ಸಾಂಸ್ಕೃತಿಕ ಭವನದಲ್ಲಿ ಪ್ರದರ್ಶನವಿತ್ತು. ಮನೆಗೊಂದು ಚಿತ್ರ, ಚಿತ್ರಕ್ಕೊಂದೇ ಹೆಸರು, ಸೋಮವಾರ ಬೆಳಿಗ್ಗೆ ಕೊನೆಯ ಗಡುವು. ಯಾವ ಚಿತ್ರವೆಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಶುಕ್ರವಾರ ಸಂಜೆ, ಬಂಗಾರದ ಬೆಳಕಿನಲ್ಲಿ ಹಕ್ಕಿಯೊಂದು ರೆಕ್ಕೆ ಬಿಚ್ಚಿ ನಮ್ಮ ಕೋಳಿಗೂಡಿನ ಮೇಲೆ ಇಳಿದ ಆ ಕ್ಷಣ. ಯಾರ ಹೆಸರೆಂಬುದರಲ್ಲಿ ಮಾತ್ರ ಎರಡು ದಿನದಿಂದ ಮಹಾಯುದ್ಧ.

"ಒತ್ತಿದ್ದು ನಾನು!" ಎಂದೆ.

"ಇಲ್ಲಿ ನೋಡಿ, ಈಗ ಒತ್ತಿ ಅಂತ ಹೇಳಿದ್ದು ಯಾರು? ಹೇಳದೇ ಇದ್ದಿದ್ರೆ ನೀವು ಇನ್ನೂ ಮೂಗು ಕೆರ್ಕೊಂಡು ನಿಂತಿರ್ತಿದ್ರಿ."

ಭಾನುವಾರ ಮಧ್ಯಾಹ್ನ, ಮನೆಯಲ್ಲಿ ಕಿಟಕಿಯಿಲ್ಲದ ಏಕೈಕ ಕೋಣೆಯಾದ ಬಚ್ಚಲನ್ನು ಹೊಕ್ಕು ಬಾಗಿಲು ಹಾಕಿಕೊಂಡೆ. ಕಗ್ಗತ್ತಲಲ್ಲಿ ಫಿಲ್ಮನ್ನು ಸುರುಳಿಗೆ ಸುತ್ತಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಬೇಕು. ಆಮೇಲೆ ಸೂರ್ಯನೇ ಒಳಗೆ ಬಂದು ಕೂತರೂ ಭಯವಿಲ್ಲ. ಅದಕ್ಕೆ ಮೊದಲು ಒಂದು ಗೆರೆ ಬೆಳಕು ಬಿದ್ದರೂ ಮೂರು ತಿಂಗಳು ಮಣ್ಣುಪಾಲು. ಪುಸ್ತಕದ ಪ್ರಕಾರ ಇದು ಎರಡು ನಿಮಿಷದ ಕೆಲಸ. ನಾನು ಒಂದು ಗಂಟೆಯಿಂದ ಬೆವರುತ್ತಿದ್ದೆ. ಬಾಗಿಲಿನ ಚಿಲಕವಂತೂ ಹೆಸರಿಗಷ್ಟೇ ಚಿಲಕ. ಹೊರಗೆ ಇಂತಿಸಾರ್ ಕಾವಲು ನಿಂತಿದ್ದಳು.

ಆಗ ಬಂದವನು ಪಕ್ಕದ ಮಹಡಿಯ ಬಡಗಿ, ಮೇಸ್ತ್ರಿ ಹನಫಿ. ಅವನ ಒಂದೊಂದು ಮುಂಗೈಯೂ ನನ್ನ ತೊಡೆಯಷ್ಟು. ಅರವತ್ತು ಪಾರಿವಾಳ ಸಾಕಿದ್ದಾನೆ. ಅವುಗಳಲ್ಲಿ ಪ್ರಾಣಕ್ಕೆ ಪ್ರಾಣವಾದ ಅರೂಸಾ ಎರಡು ದಿನದಿಂದ ಕಾಣೆ. ಮನೆಯ ಮುಂಬಾಗಿಲು ತೆರೆದವರು ನನ್ನ ಅತ್ತೆ ಹಾಜ್ಜಾ ತಫೀದಾ. ಅವರ ಕಿವಿ ಬಹಳ ಹಿಂದೆಯೇ ರಜೆಯ ಮೇಲೆ ಹೋಗಿದೆ.

ನಮ್ಮ ಭಾಷೆಯಲ್ಲಿ ಪಾರಿವಾಳಕ್ಕೆ ಹಮಾಮ್, ಬಚ್ಚಲಿಗೆ ಹಮ್ಮಾಮ್. ನಡುವೆ ಇರುವುದು ಒಂದೇ ಒಂದು ಒತ್ತು.

"ಹಾಜಮ್ಮಾ, ನನ್ನ ಹಮಾಮ್ ಎಲ್ಲಿ?" ಎಂದ ಹನಫಿ.

"ಅಯ್ಯೋ ಮಗಾ, ಅಷ್ಟೊಂದು ಅವಸರವಾ?" ಎಂದು ಅತ್ತೆ ಮರುಗಿದರು. "ಅಗೋ, ಆ ಬಾಗಿಲು. ಆದ್ರೆ ಸಿಗಲ್ಲಪ್ಪ. ನಮ್ಮಳಿಯ ಒಂದು ಗಂಟೆಯಿಂದ ಒಳಗೆ ಕೂತು ಬಾಗಿಲು ಹಾಕ್ಕೊಂಡಿದಾನೆ. ಯಾರಿಗೂ ಕೊಡಲ್ಲ ಅಂತಾನೆ."

ಆ ಒಂದು ಒತ್ತು ಧಡಾರನೆ ನನ್ನ ಬಾಗಿಲ ಮೇಲೆ ಬಿತ್ತು.

"ಉಸ್ತಾದ್ ಬಹ್ಗತ್! ಮರ್ಯಾದೆಯಿಂದ ಹೊರಗೆ ಬಿಡಿ!"

"ಬಾಗಿಲು ಮುಟ್ಟಬೇಡಿ! ಬೆಳಕು ಬಿದ್ರೆ ಸತ್ತೇ ಹೋಗುತ್ತೆ!" ಎಂದು ಕೂಗಿದೆ.

"ಸತ್ತು ಹೋಗುತ್ತಾ? ಏನು ಮಾಡ್ತಿದೀರಾ ಅದಕ್ಕೆ?"

"ಇನ್ನೊಂದ್ಸಲ ತಿರುಚಿದ್ರೆ ಮುಗೀತು!"

ಬಾಗಿಲಾಚೆಯಿಂದ ಕೇಳಿದ್ದು ಮನುಷ್ಯರ ಧ್ವನಿಯಲ್ಲ. ಚಿಲಕ ನರಳಿತು. ಬೆನ್ನನ್ನು ಬಾಗಿಲಿಗೆ ಕೊಟ್ಟೆ, ಕಾಲನ್ನು ಗೋಡೆಗೆ ಕೊಟ್ಟೆ, ಕೈಯಲ್ಲಿ ಫಿಲ್ಮು ಹಾವಿನಂತೆ ಜಾರುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಅಳುವೇ ಬಂತು.

"ಮೇಸ್ತ್ರಿಗಳೇ, ಒಳಗಿರೋದು ಫಿಲ್ಮು!" ಇಂತಿಸಾರ್ ಅಡ್ಡ ನಿಂತಿದ್ದಳು.

"ಫಿಲ್ಮಂತೆ ಫಿಲ್ಮು! ಪಕ್ಕಕ್ಕೆ ಸರೀರಿ ತಂಗಿ!"

"ಇಂತಿಸಾರ್, ಬಿಡಬೇಡ ಕಣೇ!"

ಹೊರಗಿನಿಂದ ನನ್ನವಳ ಶಾಂತ ಧ್ವನಿ ಬಂತು. "ಬಿಡಲ್ಲ. ಹೆಸರು ಯಾರದು ಹೇಳಿ."

"ಏನು?"

"ಫೋಟೋದ ಕೆಳಗೆ. ನಂದಾ, ನಿಮ್ಮದಾ? ಬೇಗ ಹೇಳಿ, ನನ್ನ ಕೈ ಸೋಲ್ತಿದೆ."

"ಇದು ಬ್ಲ್ಯಾಕ್‌ಮೇಲ್!"

"ಸರಿ ಮೇಸ್ತ್ರಿಗಳೇ, ನೀವೇ ತೆಗೀರಿ."

"ನಿಂದು! ನಿಂದೇ! ನೂರು ಸಲ ನಿಂದೇ!"

ಅವಳು ಅವನ ತೋಳಿಗೆ ಜೋತುಬಿದ್ದಳಂತೆ. ಆ ಹತ್ತು ಸೆಕೆಂಡಿನಲ್ಲಿ ಫಿಲ್ಮು ಸುರುಳಿಗೇರಿತು, ಡಬ್ಬಿಯ ಮುಚ್ಚಳ ಕಟಕ್ಕೆಂದಿತು, ಚಿಲಕ ಕಿತ್ತು ಬಂತು. ಹನಫಿ ನನ್ನ ಮೇಲೆ, ನಾನು ಬಕೆಟ್ಟಿನ ಮೇಲೆ. ಆದರೆ ಡಬ್ಬಿ ನನ್ನ ಎದೆಯ ಮೇಲೆ ಭದ್ರವಾಗಿತ್ತು.

ಬಚ್ಚಲಲ್ಲಿ ಒಂದು ಪುಕ್ಕವೂ ಸಿಗಲಿಲ್ಲ. ಹನಫಿ ನಾಚಿ ನೀರಾದ, ನನ್ನ ತಲೆಗೆ ಮುತ್ತಿಟ್ಟು ಕ್ಷಮೆ ಕೇಳಿದ. ಇಂತಿಸಾರ್ ಚಹಾ ಕೊಟ್ಟಳು. ಅವನು ಅಲ್ಲೇ ಕೂತ. ನಾನು ಫಿಲ್ಮನ್ನು ತೊಳೆದು ಅಡುಗೆಮನೆಯ ಹಗ್ಗಕ್ಕೆ ತೂಗುಹಾಕಿದೆ. ಮೂವತ್ತಾರೂ ಬಂದಿದ್ದವು! ಆ ಹೆಮ್ಮೆಯಲ್ಲಿ ಕೊಟ್ಟ ಮಾತು ಮರೆತೇಹೋಯಿತು.

"ಬನ್ನಿ ಮೇಸ್ತ್ರಿಗಳೇ, ಕೊನೇದು ನೋಡಿ. ನಾನೇ ತೆಗೆದಿದ್ದು!"

ಇಂತಿಸಾರ್ ಬಾಯಿ ತೆರೆದಳು. ಫಿಲ್ಮಿನತ್ತ ಬಗ್ಗಿ ನೋಡಿದಳು. ಬಾಯಿ ಮುಚ್ಚಿ ನನ್ನ ಕಾಲು ತುಳಿದಳು. ಅಸೂಯೆ ಎಂದುಕೊಂಡೆ.

ಹನಫಿ ಬಹಳ ಹೊತ್ತು ನೋಡಿ ನಿಟ್ಟುಸಿರಿಟ್ಟ. "ನಮ್ಮ ಅರೂಸಾಳದೇ ಮೈಕಟ್ಟು. ಆದ್ರೆ ಇದು ಕರೀ ಹಕ್ಕಿ, ಒಂದು ರೆಕ್ಕೆ ಬಿಳಿ. ನಂದು ಬಿಳೀ ಹಕ್ಕಿ, ಒಂದು ರೆಕ್ಕೆ ಕಪ್ಪು."

ಇಲ್ಲಿ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕಲಿತ ವಿದ್ಯೆ ಹೊಟ್ಟೆಯಲ್ಲಿ ನಿಲ್ಲುತ್ತದೆಯೇ?

"ಅಯ್ಯೋ, ಇದು ನೆಗೆಟಿವ್ ಮೇಸ್ತ್ರಿಗಳೇ! ಕಪ್ಪು ಕಂಡಿದ್ದು ಬಿಳಿ, ಬಿಳಿ ಕಂಡಿದ್ದು ಕಪ್ಪು!" ಎಂದು ನಗುತ್ತಾ ವಿವರಿಸಿದೆ. ವಿವರಿಸಿದ ಮೇಲೆ ನನಗೂ ಅರ್ಥವಾಯಿತು. ಚಿತ್ರದ ಮೂಲೆಯಲ್ಲಿ ಹಕ್ಕಿಯ ಕಾಲಿನತ್ತ ಚಾಚಿದ, ಬಳೆ ತೊಟ್ಟ ಮುದಿ ಕೈಯೊಂದು ಕಂಡಿತು.

"ಯಾವತ್ತು ತೆಗೆದಿದ್ದು?" ಹನಫಿಯ ಧ್ವನಿ ತಣ್ಣಗಿತ್ತು.

ಅತ್ತೆಯ ಕಿವಿ ಆಗಲೇ ರಜೆ ಮುಗಿಸಿ ಬರಬೇಕೇ? "ಅದಾ? ಶುಕ್ರವಾರ ನಮ್ಮ ಕೋಳಿ ಜೊತೆ ಬಂದಿತ್ತಪ್ಪ. ಶನಿವಾರ ಗೋಧಿನುಚ್ಚು ತುಂಬಿಸಿ ಮಾಡಿದೆ. ಎರಡೂ ತೊಡೆ ಅಳಿಯನೇ ತಿಂದ, ಪಾಪ, ಮೂಳೆನೂ ಬಿಡಲಿಲ್ಲ."

ನಾನು ಇಂತಿಸಾರಳ ಕಡೆ ದೀನನಾಗಿ ನೋಡಿದೆ. "ಇದು... ಇದು ನಮ್ಮವಳು ತೆಗೆದ ಫೋಟೋ..."

"ಛೆ ಛೆ," ಎಂದಳು ಅವಳು, ತಲೆವಸ್ತ್ರದ ಅಂಚಿನಿಂದ ಲೋಟ ಒರೆಸುತ್ತಾ. "ಇನ್ನೊಬ್ಬರ ಕಲೆ ನಂದು ಅನ್ನೋ ಪಾಪ ನನಗೆ ಬೇಡ. ಒತ್ತಿದ್ದೂ ಇವರೇ, ತಿಂದಿದ್ದೂ ಇವರೇ."

ಚಿತ್ರ ಭವನದ ಗೋಡೆಯೇರಿತು, ಕೆಳಗೆ ನನ್ನೊಬ್ಬನದೇ ಹೆಸರು. ಪ್ರದರ್ಶನದ ಏಳು ದಿನವೂ ಹನಫಿ ಕೆಲಸ ಬಿಟ್ಟು ಅದರ ಪಕ್ಕದಲ್ಲೇ ನಿಂತಿದ್ದ. ಬಂದವರಿಗೆಲ್ಲ ಒಂದು ಕೈಯಿಂದ ಚಿತ್ರವನ್ನೂ ಇನ್ನೊಂದು ಕೈಯಿಂದ ನನ್ನನ್ನೂ ತೋರಿಸಿ ಹೇಳುತ್ತಿದ್ದ: "ಹಕ್ಕಿ ನಂದು, ಹೊಟ್ಟೆ ಇವರದು."