ಸಾಹೇಬರ ಕಾರು ಕೆಟ್ಟ ಮೇಲೆ

ಮೈಸೂರಿನಲ್ಲೇ ಹುಟ್ಟಿ ಬೆಳೆದ ನಾನು ಈ ಊರನ್ನು ಸರಿಯಾಗಿ ನೋಡಿದ್ದು ನಲವತ್ತೆರಡನೆಯ ವಯಸ್ಸಿನಲ್ಲಿ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ತಪ್ಪು ನನ್ನದಲ್ಲ, ಕಾರಿನದು. ಕಾರೂ ನನ್ನದಲ್ಲ, ನಮ್ಮ ಸಾಹೇಬರದು. ಒಂಟಿಕೊಪ್ಪಲಿನಲ್ಲಿ ಅವರ ಮನೆಯ ಹಿಂದಿನ ಬೀದಿಯಲ್ಲೇ ನನ್ನ ಮನೆ ಇದ್ದುದರಿಂದ ನಾಲ್ಕು ವರ್ಷ ದಿನವೂ ನನ್ನನ್ನು ಕಚೇರಿಗೆ ಕೂರಿಸಿಕೊಂಡು ಹೋದರು. ಹಿಂದಿನ ಸೀಟಿನಲ್ಲಿ ಫೈಲುಗಳ ನಡುವೆ ನಾನೂ ಒಂದು ಫೈಲಿನಂತೆ ಕೂತು, ಅವರು ಹೇಳಿದ್ದಕ್ಕೆಲ್ಲ "ಹೌದು ಸಾರ್" ಎನ್ನುತ್ತಿದ್ದೆ. ಹಾಗೆನ್ನುವಷ್ಟರಲ್ಲೇ ಕಚೇರಿ ಬಂದುಬಿಡುತ್ತಿತ್ತು. ನಡುವೆ ಒಂದು ಊರಿದೆ ಎಂಬುದು ಗಮನಕ್ಕೇ ಬಂದಿರಲಿಲ್ಲ.

ಒಂದು ಸೋಮವಾರ ಕಾರು ಕೆಟ್ಟು ಗ್ಯಾರೇಜು ಸೇರಿತು. ಸಾಹೇಬರು ಜಟಕಾ ಹತ್ತಿದರು. ನಾನು ಹಿತ್ತಿಲಲ್ಲಿ ತುಕ್ಕು ಹಿಡಿಯುತ್ತಿದ್ದ ಸೈಕಲ್ಲನ್ನು ಒರೆಸಿ ಹೊರಟೆ. "ಮೆಲ್ಲಗೆ ಹೋಗಿ ಕಣ್ರೀ, ಬಿದ್ದುಗಿದ್ದೀರಿ," ಎಂದು ಹೆಂಡತಿ ಗೇಟಿನವರೆಗೂ ಬಂದಳು.

ಬೀಳಲಿಲ್ಲ. ಆದರೆ ಮಂಡಿ ಮೊಹಲ್ಲಾದಲ್ಲಿ ಒಣಮೆಣಸಿನಕಾಯಿ ಮೂಟೆ ಇಳಿಸುವ ಕಡೆ ಎಂಥಾ ಸೀನು ಬಂತೆಂದರೆ, ಅದರ ರಭಸಕ್ಕೆ ಹ್ಯಾಂಡಲ್ ತಿರುಗಿ ಸೈಕಲ್ಲು ಒಂದು ಗಲ್ಲಿಗೆ ನುಗ್ಗಿತು. ಅಲ್ಲೊಬ್ಬ ಬಿಲ್ಲಿನಂಥದ್ದನ್ನು ಮೀಟುತ್ತಾ ಹಾಸಿಗೆಗೆ ಹತ್ತಿ ಹಿಂಜುತ್ತಿದ್ದ. ಆ ಟಂಯ್ ಟಂಯ್ ಸದ್ದಿಗೆ ಮರುಳಾಗಿ ಇಳಿದು, "ಇದಕ್ಕೆ ಶ್ರುತಿ ಅಂತ ಇದೆಯೇನಪ್ಪಾ?" ಎಂದೆ.

"ಐತೆ ಸ್ವಾಮಿ. ಹತ್ತಿ ಒದ್ದೆಯಾದ್ರೆ ಅಪಸ್ವರ," ಎಂದ ಅವನು.

ಅಷ್ಟರಲ್ಲಿ ಎದುರು ಜಗಲಿಯಿಂದ ಒಂದು ದನಿ: "ಏ ಸೀನಾ, ತಡವಾಗಲ್ವೇನೋ?"

ತಿರುಗಿದೆ. ನನ್ನ ಕನ್ನಡ ಮೇಷ್ಟ್ರು, ರಂಗಪ್ಪನವರು! ಹಿಂದಿನ ವರ್ಷ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ರಂಗಪ್ಪ ಮೇಷ್ಟ್ರು ತೀರಿಹೋದರೆಂದು ಯಾರೋ ಹೇಳಿದಾಗ, ಎದ್ದುನಿಂತು ಕಣ್ಣೀರಿಡುತ್ತಾ ಭಾಷಣ ಮಾಡಿದವನು ನಾನೇ.

"ಮೇಷ್ಟ್ರೇ, ತಾವು..."

"ಇದೀನಿ ಕಣೋ. ಸತ್ತದ್ದು ಗಣಿತದ ರಂಗಪ್ಪ. ನೀನು ಅತ್ತದ್ದು ನನಗೆ. ಪಾಪ, ಅವನಿಗೆ ಯಾರೂ ಅಳಲೇ ಇಲ್ಲ." ಆಮೇಲೆ ಮೆಲ್ಲಗೆ ಅಂದರು: "ದಿನಾ ನೀನು ಕಾರಲ್ಲಿ ಈ ಗಲ್ಲಿ ಮುಂದೇನೇ ಹೋಗ್ತಿದ್ದೆ. ಎರಡು ಸಲ ನಾನು ಕೈ ಎತ್ತಿದೆ. ನೀನು ಫೈಲು ನೋಡ್ತಿದ್ದೆ."

ನಾನು ಸೈಕಲ್ಲಿನ ಬೆಲ್ಲನ್ನು ಬೆರಳಿನಿಂದ ಒರೆಸತೊಡಗಿದೆ.

"ಹೋಗಲಿ ಬಿಡು. ಆ ಭಾಷಣಾನ ಊರೆಲ್ಲ ಕೇಳಿತು, ನಾನೊಬ್ಬ ಕೇಳಲಿಲ್ಲ. ಹೇಳು."

ಸೈಕಲ್ ಹಿಡಿದುಕೊಂಡೇ ಒಪ್ಪಿಸಿದೆ. ಹತ್ತಿಯವನೂ ಬಿಲ್ಲು ಕೆಳಗಿಟ್ಟು ಕೇಳಿದ. "ಅವರ ಅಗಲಿಕೆಯಿಂದ ತುಂಬಲಾರದ ನಷ್ಟ" ಎಂದು ಮುಗಿಸಿದೆ. ಮೇಷ್ಟ್ರು ಕಣ್ಣೊರೆಸಿಕೊಂಡು, "ತುಂಬಲಾಗದ ಅನ್ನೋ. ನಷ್ಟ ತಾನಾಗಿ ಏನನ್ನ ತುಂಬುತ್ತೆ?" ಎಂದರು.

ಮೂರು ವಾರಕ್ಕೆ ಕಾರು ರಿಪೇರಿಯಾಗಿ ಬಂತು. "ಬನ್ನಿ ಶ್ರೀನಿವಾಸಯ್ಯ," ಎಂದು ಸಾಹೇಬರು ಬಾಗಿಲು ತೆರೆದರು. ಡಾಕ್ಟರು ಸೈಕಲ್ ತುಳಿಯಲು ಹೇಳಿದ್ದಾರೆ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ನಿಜವಾದ ಕಾರಣವೆಂದರೆ, ಗಣಿತದ ರಂಗಪ್ಪನವರಿಗೂ ಒಂದು ಭಾಷಣ ಬರೆದು, ಅವರ ಮನೆಯವರ ಮುಂದೆ ಓದಬೇಕೆಂದು ಮೇಷ್ಟ್ರ ಅಪ್ಪಣೆಯಾಗಿದೆ. ದಿನವೂ ಜಗಲಿಯ ಮುಂದೆ ಇಳಿದು ಬರೆದದ್ದನ್ನು ತೋರಿಸುತ್ತೇನೆ. "ಇದು ಯಾವ ಮೇಷ್ಟ್ರಿಗೆ ಬೇಕಾದ್ರೂ ಹೊಂದುತ್ತೆ. ಅವನು ಹೇಗಿದ್ದ, ಅದನ್ನ ಬರಿ," ಎಂದು ಹೊಡೆದುಹಾಕುತ್ತಾರೆ. ಅಲ್ಲೇ ತೊಡಕು. ಮೂರು ವರ್ಷ ಆ ಗಣಿತದ ಮೇಷ್ಟ್ರ ತರಗತಿಯಲ್ಲಿ ಕೂತಿದ್ದೆ. ಅವರು ಕನ್ನಡಕ ಹಾಕುತ್ತಿದ್ದರೋ ಇಲ್ಲವೋ ಎಂಬುದೂ ನನಗೆ ನೆನಪಿಲ್ಲ.